ಇಲ್ಲಿ ಕಾಯ್ದೆಯಲ್ಲೇ ಕ್ಷಮೆ, ಊರಲ್ಲಿ ಹಕ್ಕುಪತ್ರಕ್ಕೂ ಅಲೆದಾಟ

ನ್ಯೂಜಿಲೆಂಡಿನಲ್ಲಿ 1995ರ ಒಂದು ಕಾಯ್ದೆ ಇದೆ. ಅದರಲ್ಲಿ ಸರ್ಕಾರ ಒಂದು ಹಳ್ಳ ದಾಟಿದ್ದಕ್ಕೆ ಕ್ಷಮೆ ಕೇಳಿದೆ. ಹಳ್ಳದ ಹೆಸರು ಮಂಗತಾವ್ಹಿರಿ. 1863ರ ಜುಲೈಯಲ್ಲಿ ಬ್ರಿಟಿಷ್ ಸೈನ್ಯ ಅದನ್ನು ದಾಟಿ ವೈಕಾತೋ ಸೀಮೆಗೆ ನುಗ್ಗಿತು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರನ್ನು ಬಂಡುಕೋರರು ಎಂದು ಕರೆದು, ಸುಮಾರು 12 ಲಕ್ಷ ಎಕರೆ ನೆಲವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಸೈನ್ಯ ಕಳಿಸಿದ್ದು ಅನ್ಯಾಯ, ಬಂಡುಕೋರರು ಎಂದು ಹೆಸರಿಟ್ಟದ್ದೂ ಅನ್ಯಾಯ, ಹೋದ ಜೀವಗಳಿಗೆ ಮತ್ತು ಹಾಳಾದ ಬದುಕಿಗೆ ಕ್ಷಮೆ ಇರಲಿ ಎಂದು ಕಾಯ್ದೆಯ ಒಳಗೇ ಬರೆದಿದ್ದಾರೆ. ಮಾವೋರಿಯಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ರಾಣಿ ಎರಡನೇ ಎಲಿಜಬೆತ್ ಆ ವರ್ಷ ನವೆಂಬರಿನಲ್ಲಿ ಇಲ್ಲಿಗೆ ಬಂದಾಗ ಅದಕ್ಕೆ ತಾವೇ ಸಹಿ ಹಾಕಿದರು.

ನಾನು ಸಾಗರ ತಾಲೂಕಿನವನು. ಆಕ್ಲೆಂಡಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಈ ಕಾಯ್ದೆ ಓದುವಾಗ ನನ್ನ ಕಣ್ಣ ಮುಂದೆ ಬಂದವರು ನಮ್ಮೂರಿನ ಮುಳುಗಡೆ ಜನ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ, ತೋಟ ಬಿಟ್ಟು ಎದ್ದವರು. ಜನರನ್ನು ಒಂದು ಜಾಗದಿಂದ ಎಬ್ಬಿಸಿ ಇನ್ನೊಂದು ಜಾಗದಲ್ಲಿ ಕೂರಿಸುವುದು ಒಂದು ಕೆಲಸ. ಹಾಗೆ ಎಬ್ಬಿಸಿದ್ದರ ಲೆಕ್ಕವನ್ನು ಅವರ ಜೊತೆ ಕೂತು ಮುಗಿಸುವುದು ಇನ್ನೊಂದು ಕೆಲಸ. ನಮ್ಮಲ್ಲಿ ಮೊದಲನೆಯದು ಅರ್ಧ ಆಯಿತು. ಎರಡನೆಯದು ಶುರುವೇ ಆಗಿಲ್ಲ ಎಂಬುದು ನನ್ನ ಅನಿಸಿಕೆ.

ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಹೊಸಬರಿಗೆ ಬೇಕಾದದ್ದು ಬಾಡಿಗೆ ಮನೆ, ಕೆಲಸ, ಮಕ್ಕಳ ಶಾಲೆ, ಸೋನಾಮಸೂರಿ ಅಕ್ಕಿ ಎಲ್ಲಿ ಸಿಗುತ್ತದೆ ಎಂಬ ಮಾಹಿತಿ. ಅಕ್ಕಿ, ಬೇಳೆ, ಕರಿಬೇವು ಸಿಗುವ ನಮ್ಮ ಅಂಗಡಿಗಳು ಪಾಪಾಟೋಯ್ಟೋಯ್ ಕಡೆ ಗ್ರೇಟ್ ಸೌತ್ ರೋಡ್‌ನಲ್ಲಿ ಸಾಲಾಗಿವೆ. ಭಾರತದವರಿಗೆಲ್ಲ ಪರಿಚಯದ ರಸ್ತೆ ಅದು. ಅದನ್ನು 1860ರ ದಶಕದ ಶುರುವಿನಲ್ಲಿ ಗವರ್ನರ್ ಜಾರ್ಜ್ ಗ್ರೇ ಮಾಡಿಸಿದ್ದು ಸೈನ್ಯವನ್ನು, ಮದ್ದುಗುಂಡನ್ನು ವೈಕಾತೋ ಗಡಿಗೆ ಸಾಗಿಸಲಿಕ್ಕೆ. ಅದೇ ರಸ್ತೆಯಲ್ಲಿ ಹೋಗಿಯೇ ಸೈನ್ಯ ಆ ಹಳ್ಳ ದಾಟಿತು. ಗಡಿಯ ಹತ್ತಿರದ ಪೋಕೆನೋದಲ್ಲಿ ಈಗ ಸಾಲು ಸಾಲು ಹೊಸ ಮನೆಗಳು. ಅವುಗಳಲ್ಲಿ ಭಾರತದವರೂ ಇದ್ದಾರೆ. ನಾವು ಯಾರಿಂದಲೂ ನೆಲ ಕಿತ್ತುಕೊಂಡವರಲ್ಲ, ಸಾಲ ಮಾಡಿ ಮನೆ ಕೊಂಡವರು. ಆದರೂ ಯಾವ ನೆಲದ ಮೇಲೆ ಬಂದು ನೆಲೆ ನಿಂತಿದ್ದೇವೆ ಎಂದು ತಿಳಿದುಕೊಳ್ಳುವುದು ನಮ್ಮ ಕರ್ತವ್ಯ ಅಲ್ವಾ?

ವೈಕಾತೋ ಜನರ ಜೊತೆ ಲೆಕ್ಕ ಮುಗಿಸಲು ಸರ್ಕಾರ 1995ರ ಕಾಯ್ದೆಗೂ ಮೊದಲು, 1946ರಲ್ಲಿ, ಒಂದು ಸಲ ಪ್ರಯತ್ನ ಮಾಡಿತ್ತು. ವರ್ಷ ವರ್ಷ ಇಂತಿಷ್ಟು ಪೌಂಡು ಕೊಡುತ್ತೇವೆ ಎಂದು ಕಾಯ್ದೆ ಮಾಡಿತು. ಹಣ ಬಂತು, ನೋವು ಹೋಗಲಿಲ್ಲ. ವೈಕಾತೋ ಹಿರಿಯರು ಮೊದಲಿನಿಂದಲೂ ಹೇಳುತ್ತಾ ಬಂದದ್ದು ಒಂದೇ ಮಾತು: ನೆಲ ಹೋಗಿದೆ, ನೆಲವೇ ಮರಳಿ ಬರಬೇಕು, ಹಣ ತಪ್ಪಿಗೆ ದಂಡ ಅಷ್ಟೆ. 1995ರ ಒಪ್ಪಂದ ಮೂರನ್ನೂ ಕೊಟ್ಟಿತು. ಸ್ವಲ್ಪ ನೆಲ, 17 ಕೋಟಿ ಡಾಲರ್ ಮೌಲ್ಯದ ಪರಿಹಾರ, ಮತ್ತು ಕ್ಷಮೆ. ಪ್ರಧಾನಿ ಜಿಮ್ ಬೋಲ್ಜರ್ ಮೇ ತಿಂಗಳಲ್ಲಿ ಙಾರುವಾಹಿಯಾ ಊರಿನ ತೂರಂಗವಾಯ್‌ವಾಯ್ ಮರಾಯೆಗೇ ಹೋಗಿ ಸಹಿ ಹಾಕಿದರು. ಮರಾಯೆ ಎಂದರೆ ಆ ಕುಲದವರೆಲ್ಲ ಸೇರುವ ಅಂಗಳ ಮತ್ತು ಸಭಾಮನೆ. ಜನರನ್ನು ರಾಜಧಾನಿಗೆ ಕರೆಸಿ ಸಹಿ ಹಾಕಿಸಿಕೊಳ್ಳಲಿಲ್ಲ, ತಾವೇ ಅವರ ಅಂಗಳಕ್ಕೆ ಹೋದರು. ಇದು ನನಗೆ ದೊಡ್ಡ ವಿಷಯವಾಗಿ ಕಂಡಿತು.

ಈ ಒಪ್ಪಂದಗಳ ಹಿಂದೆ ಒಂದು ಕ್ರಮ ಇದೆ. 1840ರಲ್ಲಿ ಮಾವೋರಿ ಮುಖಂಡರಿಗೂ ಬ್ರಿಟಿಷ್ ಅರಸೊತ್ತಿಗೆಗೂ ವೈತಾಂಗಿಯಲ್ಲಿ ಒಪ್ಪಂದ ಆಯಿತು. ಸರ್ಕಾರ ಅದನ್ನು ಮತ್ತೆ ಮತ್ತೆ ಮುರಿಯಿತು. 1975ರಲ್ಲಿ ವ್ಹೀನಾ ಕೂಪರ್ ಎಂಬ ಎಂಬತ್ತರ ಹತ್ತಿರದ ಅಜ್ಜಿ ಮಾವೋರಿ ನೆಲ ಉಳಿಸಲು ಉತ್ತರದ ತುದಿಯಿಂದ ರಾಜಧಾನಿ ವೆಲಿಂಗ್ಟನ್‌ವರೆಗೆ ಪಾದಯಾತ್ರೆ ಮುನ್ನಡೆಸಿದರು. ಅದೇ ವರ್ಷ ವೈತಾಂಗಿ ನ್ಯಾಯಮಂಡಳಿ ಹುಟ್ಟಿತು. ಮೊದಲು ಅದಕ್ಕೆ ಹೊಸ ದೂರುಗಳನ್ನಷ್ಟೇ ಕೇಳುವ ಅಧಿಕಾರ ಇತ್ತು. 1985ರಲ್ಲಿ 1840ರವರೆಗೂ ಹಿಂದಕ್ಕೆ ಹೋಗಿ ವಿಚಾರಿಸುವ ಅಧಿಕಾರ ಕೊಟ್ಟರು. ಎಲ್ಲ ಬದಲಾದದ್ದು ಅಲ್ಲಿಂದ.

ಮಂಡಳಿಯ ವಿಚಾರಣೆಗಳು ಎಷ್ಟೋ ಸಲ ಮರಾಯೆಯಲ್ಲೇ ನಡೆಯುತ್ತವೆ. ಹಿರಿಯರು ತಮ್ಮ ಭಾಷೆಯಲ್ಲಿ ಸಾಕ್ಷಿ ಹೇಳುತ್ತಾರೆ. ಹಾಡನ್ನೂ ಸಾಕ್ಷಿಯಾಗಿ ಕೇಳುತ್ತಾರೆ. ಆಮೇಲೆ ಸರ್ಕಾರ ಮತ್ತು ಕುಲದವರು ಕೂತು, ಏನಾಯಿತು ಎಂಬ ಚರಿತ್ರೆಯನ್ನು ಇಬ್ಬರೂ ಒಪ್ಪುವಂತೆ ಬರೆಯುತ್ತಾರೆ. ಕ್ಷಮೆ ಬರುವುದು ಅದರ ಮೇಲೆ. ಒಪ್ಪಂದದ ಕರಡನ್ನು ಕುಲದ ವಯಸ್ಕರ ಮುಂದೆ ಮತಕ್ಕೆ ಇಡುತ್ತಾರೆ. ಅವರು ಒಪ್ಪಿದ ಮೇಲೆ ಸಂಸತ್ತಿನಲ್ಲಿ ಕಾಯ್ದೆ ಆಗುತ್ತದೆ. ಕೆಲವಕ್ಕೆ ಹತ್ತು ವರ್ಷ, ಇಪ್ಪತ್ತು ವರ್ಷ ಹಿಡಿದಿದೆ. 2017ರಲ್ಲಿ ವ್ಹಾಂಗನುಯಿ ನದಿಗೆ ಕಾನೂನಿನ ವ್ಯಕ್ತಿಯ ಸ್ಥಾನ ಸಿಕ್ಕಿದ್ದೂ ಇಂಥದ್ದೇ ಒಂದು ಒಪ್ಪಂದದಿಂದ.

ನನ್ನ ಮಗಳ ಶಾಲೆಯಲ್ಲಿ ಮಕ್ಕಳು ತಮ್ಮ ಪರಿಚಯ ಹೇಳುವಾಗ ಮೊದಲು ಬೆಟ್ಟದ ಹೆಸರು, ಆಮೇಲೆ ನದಿಯ ಹೆಸರು, ಆಮೇಲೆ ಮನೆತನ, ಕೊನೆಗೆ ತಮ್ಮ ಹೆಸರು ಹೇಳಬೇಕು. ಮಾವೋರಿ ಪದ್ಧತಿ, ಪೆಪೆಹಾ ಎನ್ನುತ್ತಾರೆ. ಅವಳು ಕೊಡಚಾದ್ರಿ ಎಂದಳು, ಶರಾವತಿ ಎಂದಳು. ಟೀಚರ್ ಆ ನದಿಯ ಬಗ್ಗೆ ಹೇಳು ಎಂದಾಗ ಜೋಗದ ಬಗ್ಗೆ ಹೇಳಿದಳಂತೆ. ಮನೆಗೆ ಬಂದು ನನ್ನನ್ನು ಕೇಳಿದ್ದು ಬೇರೆ: ನದಿಯ ದಡದಲ್ಲಿ ನಮ್ಮವರು ಈಗಲೂ ಇದ್ದಾರಾ? ಅವಳನ್ನು ಕೂರಿಸಿಕೊಂಡು ಮುಳುಗಡೆಯ ಕತೆ ಹೇಳಿದೆ. ಶಾಲೆಯ ಪಾಠದಲ್ಲಿ ನಾನು ಅದನ್ನು ಓದಿರಲಿಲ್ಲ, ಮನೆ ಜಗಲಿಯಲ್ಲಿ ಕೇಳಿದ್ದೆ.

ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ಹೊಸ ಅಣೆಕಟ್ಟಿನ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದರೆ ನೀರು ಹೊರಬಿಡುತ್ತಿದ್ದ ಅದರ ಸೈಫನ್‌ಗಳು ಮೇಲೆ ಕಾಣುತ್ತವೆ, ಜನ ನೋಡಲು ಹೋಗುತ್ತಾರೆ. ಆ ನೀರಿನಿಂದ ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಬಂತು. ಬೆಂಗಳೂರಿನ ಕಾರ್ಖಾನೆ, ಮನೆ, ಬೀದಿ ಎಲ್ಲ ಬೆಳಗಿದವು. ಎದ್ದು ಹೋದ ಸಾವಿರಾರು ಕುಟುಂಬಗಳು ಶಿವಮೊಗ್ಗ, ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯ ಕಾಡು ಜಾಗಗಳಲ್ಲಿ ನೆಲೆ ನಿಂತವು. ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದು ಕಾಡಿನ ಮಧ್ಯೆ ಇಳಿಸಿ ಹೋದರು ಎಂದು ನಮ್ಮ ಪಕ್ಕದ ಮನೆಯ ಅಜ್ಜ ಹೇಳುತ್ತಿದ್ದರು. ಆಮೇಲೆ ಮರ ಕಡಿದು, ಗುಂಡಿ ತೋಡಿ, ಅಡಿಕೆ ಸಸಿ ನೆಟ್ಟರು. ಅವರ ಮನೆಯಲ್ಲಿ ಒಂದು ತಗಡಿನ ಟ್ರಂಕ್ ಇತ್ತು. ಅದರೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಗಳು. ಅರ್ಜಿಯ ನಕಲು, ಹಿಂಬರಹ, ದಂಡ ಕಟ್ಟಿದ ರಸೀದಿ, ಸರ್ವೆಯವರು ಬಂದು ಹೋದ ನೋಟಿಸು. ಇಲ್ಲದ್ದು ಒಂದೇ, ಹಕ್ಕುಪತ್ರ. ಅಜ್ಜ ತೀರಿಕೊಂಡರು. ಟ್ರಂಕ್ ಈಗ ಮಗನ ಹತ್ತಿರ ಇದೆ. ಅರ್ಜಿಗಳು ಜಾಸ್ತಿಯಾಗಿವೆ.

ಯಾಕೆ ಹೀಗಾಯಿತು? ಜನರನ್ನು ಕೂರಿಸಿದ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಆಗಲೇ ಅದನ್ನು ಬಿಡಿಸಿ ಕೊಡುವುದು ರಾಜ್ಯದ ಕೈಯಲ್ಲೇ ಇತ್ತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು, ಕೇಂದ್ರದ ಒಪ್ಪಿಗೆ ಬೇಕಾಯಿತು. ರಾಜ್ಯ ಸರ್ಕಾರ ಆ ಒಪ್ಪಿಗೆ ಪಡೆಯದೆ ಹೊರಡಿಸಿದ ಡಿನೋಟಿಫಿಕೇಶನ್, ಅಂದರೆ ಜಾಗವನ್ನು ಅರಣ್ಯದಿಂದ ಕೈಬಿಡುವ ಆದೇಶ, 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಾದರೂ ಕೈ ಹಿಡಿಯುತ್ತದಾ ಎಂದರೆ ಅದೂ ಇಲ್ಲ. ಬುಡಕಟ್ಟಿನವರಲ್ಲದವರು 2005ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಪುರಾವೆ ಕೊಡಬೇಕು. 1960ರ ದಶಕದಲ್ಲಿ ಸರ್ಕಾರವೇ ತಂದು ಬಿಟ್ಟವರು ಆ ಪುರಾವೆಯನ್ನು ಎಲ್ಲಿಂದ ತರಬೇಕು? ಪಹಣಿಯಲ್ಲಿ ಹೆಸರಿಲ್ಲದೆ ಬೆಳೆ ಸಾಲ ಇಲ್ಲ, ಮನೆಗೆ ಸಾಲ ಇಲ್ಲ, ಅಣ್ಣತಮ್ಮಂದಿರ ನಡುವೆ ಸರಿಯಾಗಿ ಪಾಲು ಮಾಡಿಕೊಳ್ಳಲೂ ಆಗುವುದಿಲ್ಲ.

ಇನ್ನೂ ಒಂದು ಸಂಕಟ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಸಾಗರ ಸೀಮೆ ಗೇಣಿದಾರರ ಸೀಮೆ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು ಅಲ್ಲೇ, ಸಮಾಜವಾದಿ ನಾಯಕ ರಾಮ ಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದೂ ಅಲ್ಲೇ. 1974ರಲ್ಲಿ ದೇವರಾಜ ಅರಸು ಕಾಲದ ಭೂ ಸುಧಾರಣೆ ಬಂತು. ತಾಲೂಕು ತಾಲೂಕಿಗೆ ಭೂ ನ್ಯಾಯಮಂಡಳಿ ಕೂತಿತು. ಏಳನೇ ನಂಬರಿನ ಫಾರಂ ತುಂಬಿಕೊಟ್ಟ ಗೇಣಿದಾರನ ಹೆಸರಿಗೆ ನೆಲ ಬಂತು. ಆದರೆ ಅಷ್ಟರಲ್ಲಿ ಎಷ್ಟೋ ಗೇಣಿದಾರರು ಉಳುತ್ತಿದ್ದ ಗದ್ದೆ ಹತ್ತು ವರ್ಷದಿಂದ ನೀರಿನ ಕೆಳಗಿತ್ತು. ನೀರು ಬರುವಾಗ ಅವರು ಒಡೆಯರಾಗಿರಲಿಲ್ಲ. ಒಡೆಯರಾಗುವ ಕಾಲ ಬಂದಾಗ ಉಳಲು ಆ ಗದ್ದೆ ಇರಲಿಲ್ಲ.

ಕರ್ನಾಟಕದ ಆ ನ್ಯಾಯಮಂಡಳಿಗಳ ಬಗ್ಗೆ ನನಗೆ ಹೆಮ್ಮೆ ಇದೆ. ಒಂದು ವಿಷಯದಲ್ಲಿ ನಮ್ಮ ದಾರಿ ಇಲ್ಲಿಗಿಂತ ಮೇಲು ಎಂದೇ ಹೇಳುತ್ತೇನೆ. ನಮ್ಮಲ್ಲಿ ಉಳುವವನ ಹೆಸರಿಗೇ ನೆಲ ಬಂತು, ಅದೂ ದೊಡ್ಡ ಪ್ರಮಾಣದಲ್ಲಿ. ಇಲ್ಲಿ ಖಾಸಗಿಯವರ ಕೈ ಸೇರಿದ ನೆಲವನ್ನು ಒಪ್ಪಂದಗಳು ಮುಟ್ಟುವುದೇ ಇಲ್ಲ. ಸರ್ಕಾರದ ಹತ್ತಿರ ಉಳಿದದ್ದರಲ್ಲಿ ಕೊಡುತ್ತಾರೆ, ಅದೂ ಕುಲದ ಟ್ರಸ್ಟಿಗೆ. ಕಳೆದುಕೊಂಡದ್ದಕ್ಕೆ ಹೋಲಿಸಿದರೆ ಬಂದದ್ದು ತೀರಾ ಸಣ್ಣ ಪಾಲು. ವೈಕಾತೋ ಜನ ಆ ಸಣ್ಣ ಪಾಲಿನಲ್ಲೇ ಎದ್ದು ನಿಂತರು. ಹ್ಯಾಮಿಲ್ಟನ್ನಿನ ಹತ್ತಿರ ವಾಯುಪಡೆಯ ನೆಲೆ ಇದ್ದ ಜಾಗ ಅವರಿಗೆ ಮರಳಿತು. ಅಲ್ಲಿ ದಿ ಬೇಸ್ ಎಂಬ ದೊಡ್ಡ ಶಾಪಿಂಗ್ ಸೆಂಟರ್ ಕಟ್ಟಿದರು. ವೈಕಾತೋ ವಿಶ್ವವಿದ್ಯಾಲಯ ನಿಂತ ನೆಲವೂ ಅವರದೇ. ಆದರೂ ಎಲ್ಲರ ಲೆಕ್ಕ ಮುಗಿದಿಲ್ಲ. ಅತಿ ದೊಡ್ಡ ಕುಲವಾದ ಙಾಪುಹಿ ಜೊತೆ ಇನ್ನೂ ಒಪ್ಪಂದ ಆಗಿಲ್ಲ. 1840ರ ಸಹಿ ಮೊದಲು ಬಿದ್ದದ್ದು ಅವರದೇ ಸೀಮೆಯಲ್ಲಿ. 2024ರ ನವೆಂಬರಿನಲ್ಲಿ ವೈತಾಂಗಿ ಒಪ್ಪಂದದ ಅರ್ಥವನ್ನೇ ಬದಲಿಸುವ ಮಸೂದೆಯ ವಿರುದ್ಧ ಹತ್ತಾರು ಸಾವಿರ ಜನ ಸಂಸತ್ತಿನವರೆಗೆ ನಡೆದರು. 2025ರಲ್ಲಿ ಮಸೂದೆ ಬಿದ್ದಿತು.

ಊರಿನ ಗೆಳೆಯರಿಗೆ ಇದನ್ನೆಲ್ಲ ಹೇಳಿದರೆ ಒಂದು ಮಾತು ಬರುತ್ತದೆ. ಅಲ್ಲಿ ಪರದೇಶದವರು ಬಂದು ಕಿತ್ತುಕೊಂಡರು, ನಮ್ಮಲ್ಲಿ ನಮ್ಮ ಸರ್ಕಾರವೇ ನಾಡಿನ ಒಳ್ಳೆಯದಕ್ಕೆ ಅಣೆಕಟ್ಟು ಕಟ್ಟಿತು, ಎರಡೂ ಒಂದೇ ಅಲ್ಲ ಎಂದು. ನಿಜ, ಒಂದೇ ಅಲ್ಲ. ಆದರೆ ನಮ್ಮ ಸರ್ಕಾರ ಎಂಬ ಕಾರಣಕ್ಕೇ ನಾನು ಜಾಸ್ತಿ ಕೇಳುತ್ತೇನೆ. ಮತ ಹಾಕಿ ಕೂರಿಸಿದವರು ನಾವು. ನಾಡಿಗೆ ಬೆಳಕು ಕೊಟ್ಟ ಜನ ಎಂದು ಭಾಷಣದಲ್ಲಿ ಎಲ್ಲ ಪಕ್ಷದವರೂ ಹೊಗಳುತ್ತಾರೆ. ಹೊಗಳಿಕೆಗೆ ಸರ್ವೆ ನಂಬರ್ ಇಲ್ಲ, ಅದನ್ನು ಬ್ಯಾಂಕಿಗೆ ಒಯ್ಯಲು ಆಗುವುದಿಲ್ಲ.

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು. ಹಿನ್ನೀರಿನ ಆಚೆ ಉಳಿದುಹೋಗಿದ್ದ ತುಮರಿ ಕಡೆಯ ಜನ ಅರವತ್ತು ವರ್ಷ ಲಾಂಚ್ ಕಾದವರು. ಸೇತುವೆಯ ವಿಡಿಯೊ ನೋಡುವಾಗ ನನಗೆ ಗಂಟಲು ಕಟ್ಟಿತು. ಈಗ ಅದೇ ಕಣಿವೆಗೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬರುತ್ತಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಏರಿಸಿ ಇಳಿಸುವ ಯೋಜನೆ. ಹಳೆಯ ಲೆಕ್ಕ ಮುಗಿಯದೆ ಹೊಸದಕ್ಕೆ ಕೈ ಹಾಕಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅರಣ್ಯ ಭೂಮಿಯ ಒಪ್ಪಿಗೆಗೆ ಕೇಂದ್ರದ ಜೊತೆ ಹೋರಾಟ ನಡೆಯಲೇಬೇಕು, ಅದು ನಿಲ್ಲಬಾರದು. ಅದರ ಜೊತೆಗೇ ಇನ್ನೊಂದು ಕೆಲಸ ಆಗಲಿ. ಯಾವ ಯಾವ ಊರು ಮುಳುಗಿತು, ಯಾವ ಮನೆಯವರು ಎಲ್ಲಿಗೆ ಹೋದರು, ಯಾರಿಗೆ ಎಷ್ಟು ಸಿಕ್ಕಿತು, ಗೇಣಿದಾರರಾಗಿದ್ದು ಏನೂ ಸಿಗದವರು ಯಾರು, ಯಾವ ಆದೇಶ ಎಲ್ಲಿ ನಿಂತುಹೋಯಿತು, ಎಲ್ಲವನ್ನೂ ಆ ಜನರ ಬಾಯಿಂದಲೇ ಕೇಳಿ ಬರೆಯಲಿ. ಅವರು ಓದಿ ಒಪ್ಪಿದ ಮೇಲೆ ಅದನ್ನು ವಿಧಾನಸಭೆಯಲ್ಲಿ ಮಂಡಿಸಲಿ. ಸರ್ಕಾರ ತನ್ನ ತಪ್ಪನ್ನು ಅದೇ ಸದನದಲ್ಲಿ ಒಪ್ಪಿಕೊಳ್ಳಲಿ. ಮುಳುಗಡೆಯ ಕಾಲದಲ್ಲಿ ಇಪ್ಪತ್ತರ ಹರೆಯದಲ್ಲಿ ಗಂಟುಮೂಟೆ ಕಟ್ಟಿದವರಿಗೆ ಈಗ ಎಂಬತ್ತು ದಾಟಿದೆ, ಇನ್ನು ಕಾಯಿಸಬಾರದು. ಮೊದಲ ವಿಚಾರಣೆ ತುಮರಿಯಲ್ಲೇ ಆಗಲಿ, ಅಲ್ಲಿನ ಶಾಲೆಯ ಕೋಣೆಯಲ್ಲಿ ಅಧಿಕಾರಿಗಳು ಕೂತು ಬರೆದುಕೊಳ್ಳಲಿ. ಇಷ್ಟಕ್ಕೆ ಕೇಂದ್ರದ ಒಪ್ಪಿಗೆ ಬೇಕಿಲ್ಲ, ಜಿಲ್ಲಾಡಳಿತ ಈ ವರ್ಷವೇ ಶುರು ಮಾಡಬಹುದು.