ಮಂಜೋ ಬೂಷ್ಟೋ

ಕಕ್ಕಬ್ಬೆಯ ಹತ್ತಿರ ತೆಗೆದ ಒಂದು ಕಪ್ಪು-ಬಿಳುಪು ಫೋಟೊ ನನ್ನಲ್ಲಿದೆ. ಮುಂದೆ ಮೆಣಸಿನ ಬಳ್ಳಿ ಹಬ್ಬಿದ ಒಂದು ಹಾಲುವಾಣದ ಮರ, ಹಿಂದೆ ತಡಿಯಂಡಮೋಳ್ ಬೆಟ್ಟದ ಇಳಿಜಾರು, ಎಲ್ಲದರ ಮೇಲೂ ಹಾಲಿನ ಕೆನೆಯಂತೆ ತೆಳ್ಳಗೆ ಮಂಜು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದೆ. "ಎಂಥಾ ಮಂಜು ಮಾರಾಯ್ರೆ!" ಎಂದು ಅವರು ಅಂದಾಗ, ಆ ಮಂಜನ್ನು ನಾನೇ ಬೆಳಗಿನ ಜಾವ ಎದ್ದು ಕಾಯಿಸಿ ಬಡಿಸಿದವನಂತೆ ಮುಖ ಮಾಡಿಕೊಂಡು ಸುಮ್ಮನಿರುತ್ತಿದ್ದೆ. ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಒಂದು ದಿನ ಅಕ್ಕನ ಮಗ ಅದೇ ರೋಲಿನ ಉಳಿದ ಫೋಟೊಗಳನ್ನು ತಿರುವುತ್ತಾ ಹೋದ. ಅಮ್ಮ ಕಾಫಿ ಕಣದಲ್ಲಿ ನಿಂತ ಫೋಟೊ ಬಂತು. ಫೆಬ್ರುವರಿ ತಿಂಗಳು, ಮಟಮಟ ಮಧ್ಯಾಹ್ನ, ಒಣಗಿದ ಚೆರ್ರಿ ಕಾಲಿಗೆ ಸುಡುವಷ್ಟು ಬಿಸಿಲು. "ಮಾವ, ಇಲ್ಲಿಯೂ ಮಂಜುಂಟಲ್ಲ?" ಎಂದ.

ಲೆನ್ಸನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಒಳಗೆ, ಗಾಜಿನ ಅಂಚಿನಿಂದ ನಡುವಿನ ಕಡೆಗೆ, ಜೇಡನ ಬಲೆಗಿಂತ ನವಿರಾದ ಎಳೆಗಳು ಕವಲೊಡೆದುಕೊಂಡು ಹೊರಟಿದ್ದವು. ನೋಡಲು ಚೆಂದವೇ. ಕಿಟಕಿ ಗಾಜಿನ ಮೇಲೆ ಹಿಮ ಹೂಬಿಡುವುದನ್ನು ಚಿತ್ರಗಳಲ್ಲಿ ನೋಡಿದ್ದೇನಲ್ಲ, ಹಾಗೆ. ಬೂಷ್ಟು.

ಕೊಡಗಿನಲ್ಲಿ ಬೂಷ್ಟಿನ ಬಗ್ಗೆ ದೂರುವವರು ಹೊರಗಿನಿಂದ ಬಂದವರು. ನಾವು ಅದರ ಜೊತೆ ಬಾಡಿಗೆಗೆ ಇರುವವರು. ಜೂನ್‌ನಲ್ಲಿ ಮಳೆ ಹಿಡಿದರೆ ಮೊದಲು ಬೆಲ್ಟಿಗೆ, ಆಮೇಲೆ ಚಪ್ಪಲಿಗೆ, ಮಳೆ ಜೋರಾಗುವ ಕಕ್ಕಡ ತಿಂಗಳ ಹೊತ್ತಿಗೆ ಮದುವೆಯ ಕೋಟಿಗೆ, ಗೋಡೆಯ ಕ್ಯಾಲೆಂಡರಿನ ದೇವರ ಮುಖಕ್ಕೆ. ಹಸಿರು, ಬಿಳಿ, ಬೂದಿ ಬಣ್ಣ, ಒಂದೊಂದು ವಸ್ತುವಿಗೆ ಒಂದೊಂದು ಜಾತಿ. ಲೆನ್ಸಿಗೆ ಬರುವುದು ಅವುಗಳಲ್ಲೆಲ್ಲ ಕುಲೀನ. ಗಾಜಿನ ಮೇಲಿನ ಧೂಳು, ಯಂತ್ರದ ಎಣ್ಣೆಯ ಪಸೆ, ಇಷ್ಟು ಸಿಕ್ಕರೆ ಸಾಕು ಅದಕ್ಕೆ. ತಿಂದು ಸುಮ್ಮನಾಗುವುದೂ ಇಲ್ಲ, ಆಮ್ಲ ಕಕ್ಕುತ್ತದೆ. ಆ ಆಮ್ಲ ಲೆನ್ಸಿನ ಲೇಪನವನ್ನು ಕೊರೆದು ಗಾಜಿಗೇ ಗೆರೆ ಬೀಳಿಸುತ್ತದೆ. ಎಳೆಗಳನ್ನು ಒರೆಸಬಹುದು, ಗೆರೆ ಹೋಗುವುದಿಲ್ಲ.

ತಪ್ಪು ನನ್ನದೇ. ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲೇ ಇಟ್ಟು ಬೀರುವಿನಲ್ಲಿ ಬೀಗ ಹಾಕಿದ್ದೆ, ಮಗುವನ್ನು ಬೆಚ್ಚಗೆ ಹೊದಿಸಿ ಮಲಗಿಸಿದ ಹಾಗೆ. ಬೂಷ್ಟಿಗೆ ಬೇಕಾದದ್ದೂ ಅದೇ: ಕತ್ತಲೆ, ತೇವ, ಗಾಳಿಯಾಡದ ಜಾಗ, ತಿನ್ನಲು ಚರ್ಮ. ಈಗ ಚರ್ಮದ ಚೀಲ ಅಟ್ಟ ಸೇರಿದೆ. ಕ್ಯಾಮೆರಾ ಇರುವುದು ರಬ್ಬರಿನ ಅಂಚಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದು ಹಿಡಿ ಸಿಲಿಕಾ ಜೆಲ್ ಹರಳಿನ ಜೊತೆ. ಹರಳು ನೀಲಿ ಇದ್ದರೆ ಕ್ಷೇಮ. ಗುಲಾಬಿಯಾದರೆ ನೀರು ಕುಡಿದು ಹೊಟ್ಟೆ ತುಂಬಿದೆ ಎಂದರ್ಥ. ಹದವಾಗಿ ಹುರಿದರೆ ಮತ್ತೆ ನೀಲಿಗೆ ಬರುತ್ತದೆ. ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ನೀಲಿಯಾಗಿಯೇ ಇರುತ್ತದಂತೆ. ನಮ್ಮಲ್ಲಿ ಜುಲೈನಲ್ಲಿ ವಾರಕ್ಕೊಮ್ಮೆ ಹುರಿಯಬೇಕು. ಅದಕ್ಕೆಂದೇ ಒಂದು ಹಳೆಯ ಬಾಣಲೆ ಬೇರೆ ಇಟ್ಟಿದ್ದೇನೆ. ಇಡಬೇಕು ಕೂಡ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದ್ದು. ಅಡುಗೆಮನೆಯಲ್ಲಿ ನಾನು ಒಲೆ ಹಚ್ಚುವುದು ಕ್ಯಾಮೆರಾಕ್ಕೆ ಮಾತ್ರ ಎಂಬ ಮಾತು ಮನೆಯಲ್ಲಿ ಹುಟ್ಟಿಕೊಂಡದ್ದು ಹೀಗೆ.

ಕ್ಯಾಮೆರಾ ಚಿಕ್ಕಪ್ಪನದು. ಸೈನ್ಯದಲ್ಲಿದ್ದವರು, ರಜೆಗೆ ಬರುವಾಗ ಟ್ರಂಕಿನಲ್ಲಿ ಹೊತ್ತು ತಂದದ್ದು. ಪೆಂಟ್ಯಾಕ್ಸ್ ಕೆ-1000. 1976ರಿಂದ 1997ರ ತನಕ, ಜಗತ್ತು ಎಷ್ಟು ಬದಲಾದರೂ, ಹೆಚ್ಚುಕಡಿಮೆ ಒಂದೇ ರೂಪದಲ್ಲಿ ತಯಾರಾದ ಯಂತ್ರ. ಕೈಯಲ್ಲಿ ಹಿಡಿದರೆ ತಕ್ಕಡಿಯ ಕಲ್ಲು ಹಿಡಿದ ಹಾಗೆ. ಆನ್-ಆಫ್ ಸ್ವಿಚ್ಚು ಎಂಬುದೇ ಇಲ್ಲ. ಲೆನ್ಸಿನ ಮುಚ್ಚಳವೇ ಅದರ ಸ್ವಿಚ್ಚು: ಮುಚ್ಚಳ ತೆಗೆದರೆ ಬೆಳಕು ಅಳೆಯುವ ಮೀಟರು ಎಚ್ಚರವಾಗುತ್ತದೆ, ಹಾಕಿದರೆ ನಿದ್ದೆ. ಮುಚ್ಚಳ ಮರೆತರೆ ಗುಂಡಿಯಷ್ಟು ಗಾತ್ರದ ಬ್ಯಾಟರಿ ಖಾಲಿ. ಖಾಲಿಯಾದರೂ ಚಿಂತೆಯಿಲ್ಲ, ಷಟರಿಗೆ ಬ್ಯಾಟರಿ ಬೇಡ. ಬೆಳಕನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿಕೊಳ್ಳಬೇಕು, ಅಷ್ಟೆ. ಜೂನ್‌ನಿಂದ ಸೆಪ್ಟೆಂಬರಿನ ತನಕ ಕರೆಂಟು ಬಂದರೆ ಬಂತು ಎನ್ನುವ ಊರಿನವರಿಗೆ ಈ ಸ್ವಭಾವ ಕೂಡಲೇ ಅರ್ಥವಾಗುತ್ತದೆ.

ಹಾಗಂತ ಅದು ಮೋಸ ಮಾಡುವುದಿಲ್ಲ ಎಂದಲ್ಲ. ವಿರಾಜಪೇಟೆಯಲ್ಲಿ ಗೆಳೆಯನ ಮಗಳ ಮದುವೆ. ಗಂಗಾಪೂಜೆ ಮುಗಿಸಿ ತಲೆಯ ಮೇಲೆ ಕೊಡ ಹೊತ್ತು ಬರುವ ಮದುಮಗಳ ದಾರಿಗೆ ಅಡ್ಡನಿಂತು ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾರಲ್ಲ, ಅದು ಒಂದೆರಡು ನಿಮಿಷದ ಕುಣಿತವಲ್ಲ. ನನಗೆ ಹಬ್ಬ. ನಿಲುವಂಗಿ ಕುಪ್ಯದ ಕಪ್ಪು, ನಡುಕಟ್ಟು ಚೇಲೆಯ ಮೇಲೆ ಪೀಚೆಕತ್ತಿಯ ಬೆಳ್ಳಿ, ಕುಣಿಯುವವರ ಬೆವರು, ಅವರ ಭುಜಗಳ ನಡುವೆ ಹುಡುಗಿಯ ಮುಖ. ಒಂದೊಂದನ್ನೂ ಲೆಕ್ಕ ಹಾಕಿ ತೆಗೆದೆ. 34, 35, 36. ಲಿವರ್ ಇನ್ನೂ ಸರಾಗವಾಗಿ ತಿರುಗುತ್ತಿತ್ತು. ರೋಲು ಮುಗಿದಾಗ ಅದು ಬಿಗಿಯಾಗಬೇಕು. ಆಗ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಫಿಲ್ಮಿನ ನಾಲಗೆ ಒಳಗಿನ ಸುರುಳಿಗೆ ಸಿಕ್ಕಿಕೊಂಡಿರಲೇ ಇಲ್ಲ. ಡಬ್ಬಿಯಿಂದ ಹೊರಗೆ ಹೆಜ್ಜೆಯೇ ಇಟ್ಟಿರಲಿಲ್ಲ. ಲಿವರ್ ಎಳೆದಾಗ ಎಡಗಡೆಯ ಸುತ್ತುವ ಗುಬ್ಬಿ ತಿರುಗುತ್ತದೋ ಇಲ್ಲವೋ ನೋಡಬೇಕು ಎಂದು ಚಿಕ್ಕಪ್ಪ ಹೇಳಿಕೊಟ್ಟದ್ದೇ ಅದನ್ನು. ಅದೊಂದನ್ನು ಬಿಟ್ಟು ಉಳಿದೆಲ್ಲ ನೋಡಿದ್ದೆ. ಕುಣಿದವರಲ್ಲಿ ಇಬ್ಬರು ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ ಫೋಟೊ ಕೇಳುತ್ತಾರೆ. "ತೊಳೆಯಲು ಕೊಟ್ಟಿದ್ದೇನೆ" ಎನ್ನುತ್ತೇನೆ. ನಾಲ್ಕು ವರ್ಷವಾಯಿತು.

ಬೆಳಕಿನ ವಿಷಯಕ್ಕೆ ಬಂದರೆ, ಮೀಟರಿಲ್ಲದ ಕಾಲದ ಒಂದು ಸೂತ್ರವಿದೆ. ಬಿಸಿಲಿದ್ದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿಯನ್ನು, 16ಕ್ಕೆ ಇಡು. ಫಿಲ್ಮಿನ ವೇಗ ಎಷ್ಟೋ, ಷಟರ್ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕೆ ಹತ್ತಿರ ಇಡು. 100ರ ಫಿಲ್ಮಿಗೆ 125ನೇ ಒಂದು, 400ರ ಫಿಲ್ಮಿಗೆ 500ನೇ ಒಂದು. ಇಂಗ್ಲಿಷರು ಇದನ್ನು ಸನ್ನಿ ಸಿಕ್ಸ್‌ಟೀನ್ ಎನ್ನುತ್ತಾರೆ. ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ಸನ್ನಿ ಎನ್ನಬಹುದಾದದ್ದು ಒಂದೇ, ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್'. 2021ರಿಂದ ಅದು ಮ್ಯೂಸಿಯಂ. ಒಮ್ಮೆ ಜಡಿಮಳೆಯಲ್ಲಿ ಅದರ ಮುಂದೆ ಕೊಡೆ ಹಿಡಿದು ನಿಂತು, ಹೆಸರಿಗೆ ಗೌರವ ಕೊಟ್ಟು 16ಕ್ಕೆ ಇಟ್ಟು ಒಂದು ಫೋಟೊ ತೆಗೆದೆ. ನೆಗೆಟಿವ್ ಬಹುತೇಕ ಖಾಲಿ ಗಾಜಿನಂತೆ ಬಂತು.

ಮಂಜಿನದು ಇನ್ನೊಂದು ಆಟ. ಮೀಟರು ಪಾಪದ್ದು, ಜಗತ್ತೆಲ್ಲ ಸರಾಸರಿ ಬೂದು ಬಣ್ಣದ್ದೆಂದು ಅದರ ನಂಬಿಕೆ. ಬಿಳಿ ಕಂಡರೆ "ಬೆಳಕು ಹೆಚ್ಚಾಯಿತು" ಎಂದು ಗಾಬರಿಯಾಗಿ ಕಡಿಮೆ ಮಾಡಿಸುತ್ತದೆ. ಅದರ ಮಾತು ಕೇಳಿದರೆ ರಾಜಾಸೀಟಿನ ಮಂಜು ಗ್ಯಾರೇಜಿನ ಹೊಗೆಯಂತೆ ಕಾಣುತ್ತದೆ. ಹಾಗಾಗಿ ಅದು ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡಬೇಕು, ಕೆಲವೊಮ್ಮೆ ಒಂದೂವರೆ. ಇದನ್ನು ಕಲಿಯಲು ನನಗೆ ಮೂರು ರೋಲು ಬೇಕಾಯಿತು. ಫೋನಿನವರಿಗೆ ಮೂರು ಸೆಕೆಂಡು ಸಾಕು, ಒಪ್ಪುತ್ತೇನೆ.

ಫಿಲ್ಮಿನ ಫೋಟೊಕ್ಕೆ ಆತ್ಮವಿದೆ ಎನ್ನುವವರಿದ್ದಾರೆ. ನನಗೆ ಕಂಡಿಲ್ಲ. ನನ್ನ ಫೋನು ನನಗಿಂತ ಚೆನ್ನಾಗಿ ಫೋಟೊ ತೆಗೆಯುತ್ತದೆ, ಕತ್ತಲೆಯಲ್ಲೂ ತೆಗೆಯುತ್ತದೆ, ತೆಗೆದು ಕಿರುಬೆರಳಿನಷ್ಟೂ ಗರ್ವಪಡುವುದಿಲ್ಲ. ಹಳೆಯ ಕ್ಯಾಮೆರಾದಲ್ಲಿ ನನಗೆ ಇಷ್ಟವಾಗುವುದು ಅದರ ಹಿಂಬದಿ. ಅಲ್ಲಿ ಏನೂ ಇಲ್ಲ. ಬರೀ ಕಪ್ಪು ಬಾಗಿಲು. ಕ್ಲಿಕ್ ಎಂದ ಮೇಲೆ ಅದನ್ನು ನೋಡಿ ಪ್ರಯೋಜನವಿಲ್ಲ, ಆದ್ದರಿಂದ ಮತ್ತೆ ಎದುರಿಗಿದ್ದದ್ದನ್ನೇ ನೋಡಬೇಕು. ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ದು "ಪೊಲಿ ಪೊಲಿ ದೇವಾ" ಎಂದು ಕೂಗುವಾಗ ಸುತ್ತ ಇದ್ದವರೆಲ್ಲ ಬಗ್ಗಿ ಅಂಗೈಯ ಬೆಳಕನ್ನು ನೋಡುತ್ತಿದ್ದರು. ನಾನೊಬ್ಬನೇ ಕದಿರು ನೋಡುತ್ತಿದ್ದೆ. ದೊಡ್ಡತನವೇನಲ್ಲ, ನನಗೆ ಬೇರೆ ನೋಡಲಿಕ್ಕೆ ಇರಲಿಲ್ಲ.

ಹಿಂದೆ ಫಿಲ್ಮ್ ತೊಳೆಸುವುದು ಸಲೀಸಾಗಿತ್ತು. ಸ್ಟುಡಿಯೋಕ್ಕೆ ಕೊಟ್ಟರೆ ಮುಂದಿನ ಸಂತೆಗೆ ಬರುತ್ತಿತ್ತು. ಫಿಲ್ಮ್ ಕೂಡ ದೂರದ್ದಲ್ಲ. ಪಕ್ಕದ ಬೆಟ್ಟ ಊಟಿಯಲ್ಲೇ, ಧೂಳಿಲ್ಲದ ತಣ್ಣನೆಯ ಹವೆ ಬೇಕೆಂದು ಸರ್ಕಾರ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಕಟ್ಟಿತ್ತು. 1967ರಲ್ಲಿ ಉತ್ಪಾದನೆ ಶುರು, ಹೆಸರು 'ಇಂದು'. ಇಂದು ಈಗ ಅಂದು. ಕಾರ್ಖಾನೆ ಮುಚ್ಚಿತು, ನಮ್ಮ ಸ್ಟುಡಿಯೋಗಳಲ್ಲಿ ಈಗ ಪಾಸ್‌ಪೋರ್ಟ್ ಫೋಟೊ ಮತ್ತು ಲ್ಯಾಮಿನೇಷನ್. ಬಣ್ಣದ ರೋಲನ್ನು ಕೊರಿಯರ್ ಮಾಡಿ ಕಾಯುತ್ತೇನೆ. ಕಪ್ಪು-ಬಿಳುಪನ್ನು ಬಚ್ಚಲಲ್ಲಿ ನಾನೇ ತೊಳೆಯುತ್ತೇನೆ.

ಈ ವಿಷಯದಲ್ಲಿ ಮಾತ್ರ ಕೊಡಗಿನ ಹವೆ ನನ್ನ ಪಕ್ಷ. ಡೆವಲಪರ್ ಪುಡಿಯ ಪೊಟ್ಟಣದ ಮೇಲಿನ ಲೆಕ್ಕವೆಲ್ಲ 20 ಡಿಗ್ರಿ ನೀರಿನದು. ಸೆಖೆಯ ಊರಿನವರು ಐಸ್ ಹಾಕಿ ಒದ್ದಾಡುತ್ತಾರೆ. ನಮ್ಮ ನಲ್ಲಿಯಲ್ಲಿ ಡಿಸೆಂಬರಿನ ಬೆಳಿಗ್ಗೆ ನೀರು ಅದಕ್ಕಿಂತ ತಣ್ಣಗೇ ಇಳಿಯುತ್ತದೆ. ಹಂಡೆಯಿಂದ ಅರ್ಧ ಚೊಂಬು ಬಿಸಿನೀರು ಬೆರೆಸಿದರೆ ಸರಿ. ರಾತ್ರಿ ದೀಪ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಎಂಬ ಕತ್ತಲೆಯಲ್ಲಿ ಫಿಲ್ಮನ್ನು ಸುರುಳಿಗೆ ಸುತ್ತಬೇಕು. ಬೆರಳೇ ಕಣ್ಣು. ಅದನ್ನು ಕಪ್ಪು ಡಬ್ಬಿಗೆ ಹಾಕಿ ಮುಚ್ಚಿದರೆ ಆಮೇಲೆ ದೀಪ ಹಾಕಬಹುದು.

ಕಳೆದ ಬೇಸಿಗೆಯಲ್ಲಿ ಪುಡಿ ಮುಗಿದಿತ್ತು. ಆಗ ನೆನಪಾದದ್ದು ಕಾಫಿ. ತಮಾಷೆಯಲ್ಲ. 1995ರಲ್ಲಿ ಅಮೆರಿಕದ ರೋಚೆಸ್ಟರ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಜೊತೆ ಸೇರಿ ಕಾಫಿಯಲ್ಲಿ ಫಿಲ್ಮ್ ತೊಳೆದು ತೋರಿಸಿದ್ದರು. ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಕಪ್ಪು ಬೆಳ್ಳಿಯಾಗಿಸುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲ ಎಂಬ ಬಗೆಯ ಪದಾರ್ಥ. ಜೊತೆಗೆ ವಾಷಿಂಗ್ ಸೋಡಾ ಬೇಕು, ವಿಟಮಿನ್ ಸಿ ಇದ್ದರೆ ಇನ್ನೂ ಚುರುಕು. ಒಳ್ಳೆಯ ಅರೇಬಿಕಾ ಇದಕ್ಕೆ ದಂಡ. ಅಗ್ಗದ, ಒರಟು ರೊಬಸ್ಟಾದ ಇನ್‌ಸ್ಟಂಟ್ ಪುಡಿಯೇ ವಾಸಿ ಎಂದು ಮಾಡಿ ನೋಡಿದವರು ಹೇಳುತ್ತಾರೆ. ಓದಿ ನಾಪೋಕ್ಲು ಕಡೆಯ ಬೆಳೆಗಾರನಾದ ನನ್ನ ಎದೆ ಉಬ್ಬಿತು. ರೊಬಸ್ಟಾವನ್ನು ಮೆಚ್ಚಿದವರನ್ನು ನಾನು ಕಂಡದ್ದು ಅದೇ ಮೊದಲು.

ಮೊದಲ ಸಲ ವಾಷಿಂಗ್ ಸೋಡಾದ ಬದಲು ಅಡುಗೆ ಸೋಡಾ ಹಾಕಿದ್ದೆ. ಫಿಲ್ಮ್ ತೊಳೆದ ಲೋಟದಷ್ಟು ನಿರ್ಮಲವಾಗಿ ಬಂತು. ಎರಡನೆಯ ಸಲಕ್ಕೆ ಕಾದಿರಿಸಿದ್ದು ಹೂವಿನ ರೋಲು.

ಹೂವು ಎಂದರೆ ನಮ್ಮಲ್ಲಿ ಕಾಫಿ ಹೂವು, ಬೇರೆಯದಕ್ಕೆಲ್ಲ ಹೆಸರು ಹೇಳಬೇಕು. ಹೂಮಳೆ ಬಿದ್ದ ರಾತ್ರಿ ಜಿಲ್ಲೆಯಲ್ಲಿ ಯಾರೂ ಸರಿಯಾಗಿ ಮಲಗುವುದಿಲ್ಲ, ಫೋನು ಮಾಡಿ "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು ಕೇಳುವುದೇ ಕೆಲಸ. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ. ಇಪ್ಪತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಅರ್ಧ ಕಣ್ಣು ಬಿಟ್ಟು ಹಾಗೆಯೇ ಕರಟಿಹೋಗುತ್ತದೆ. ಅಂಥ ವರ್ಷ ಅಮ್ಮ ತೋಟದ ಕಡೆಗಿನ ಕಿಟಕಿಯನ್ನೇ ತೆರೆಯುವುದಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಬಿದ್ದಿತ್ತು. ಲೆನ್ಸನ್ನು ಮೈಸೂರಿನಲ್ಲಿ ಒಬ್ಬ ಹಿರಿಯರು ಬಿಚ್ಚಿ ಒರೆಸಿ ಕೊಟ್ಟಿದ್ದರು. ಗೆರೆ ಎರಡು ಉಳಿದಿದ್ದವು. ಮೂರು ದಿನ ಬೆಳಿಗ್ಗೆ ಜೇನಿನ ಸದ್ದಿನ ನಡುವೆ ಕೂತು 36 ತೆಗೆದೆ, ಗುಬ್ಬಿ ತಿರುಗುವುದನ್ನು 36 ಸಲ ನೋಡಿಕೊಂಡೆ. ರಾತ್ರಿ ಕಾಫಿ ಕದಡಿದೆ. ಕಾಫಿ, ಸೋಡಾ, ವಿಟಮಿನ್ ಸೇರಿದರೆ ಏಳುವ ವಾಸನೆಯನ್ನು ವರ್ಣಿಸುವುದು ಬೇಡ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್‌ನ ನೀರು ಕೊಳೆತ ಹೊಂಡದ ನೆನಪಿರುವವರಿಗೆ ಅದರ ಅರ್ಧ ಗೊತ್ತು. ಹದಿನೈದು ನಿಮಿಷ, ನಿಮಿಷಕ್ಕೊಮ್ಮೆ ಡಬ್ಬಿ ಮಗುಚುತ್ತಾ ಕೂತೆ. ಆಮೇಲೆ ನೀರು, ಆಮೇಲೆ ಚಿತ್ರವನ್ನು ಸ್ಥಿರಗೊಳಿಸುವ ಹೈಪೊ, ಮತ್ತೆ ನೀರು.

ಬೆಳಿಗ್ಗೆ ನೆಗೆಟಿವ್ ಬಚ್ಚಲಿನ ಹಗ್ಗದಿಂದ ಇಳಿಬಿದ್ದಿತ್ತು, ಕೆಳಗೆ ಭಾರಕ್ಕೆ ಬಟ್ಟೆಯ ಕ್ಲಿಪ್ಪು. ಮೈಗೆ ತೆಳ್ಳನೆಯ ಕಾಫಿ ಕಲೆ. ಆದರೆ ಚಿತ್ರ ಇತ್ತು, ಮೊದಲಿನಿಂದ ಕೊನೆಯವರೆಗೆ. ಬೆಳಕಿಗೆ ಹಿಡಿದು ಒಂದೊಂದೇ ನೋಡುತ್ತಿದ್ದೆ. ಮುಖ ತೊಳೆಯಲು ಬಂದ ಅಮ್ಮ ಕನ್ನಡಕ ಏರಿಸಿ ಹತ್ತಿರ ಬಂದರು. ಬಿಳಿ ಎಲೆಗಳ ನಡುವೆ ಗೊಂಚಲು ಗೊಂಚಲು ಕಡುಗಪ್ಪು ಹೂವು. ಬಹಳ ಹೊತ್ತು ನೋಡಿದರು.

"ಅಯ್ಯೋ, ಇಷ್ಟೂ ಕರಟಿಹೋಗಿದೆಯಲ್ಲೋ" ಎಂದರು. "ಯಾರ ತೋಟ ಇದು?"