ಮಕ್ಕಳಿಗೆ ಅಭ್ಯಾಸವಾಗಿದೆಯಂತೆ

ಇಂದು ಮಗಳ ಶಾಲೆಯ ಪೋಷಕರ ಸಭೆಗೆ ಮೊದಲು ಕಾರಿಡಾರಿನಲ್ಲಿ ಕಾಯುತ್ತಿದ್ದೆ. ಮುಖ್ಯರಸ್ತೆಗೆ ಅಂಟಿಕೊಂಡಿರುವ ಎರಡನೆಯ ತರಗತಿಯಲ್ಲಿ ಟೀಚರ್ ಪಾಠ ಓದಿಸುತ್ತಿದ್ದರು. ಹೊರಗೆ ಹಾರ್ನ್ ಮೊಳಗಿದಾಗಲೆಲ್ಲ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಸದ್ದು ಅಡಗುವವರೆಗೆ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಅಷ್ಟರಲ್ಲಿ ಹಿಂದಿನ ಬೆಂಚಿನ ಮಕ್ಕಳ ಕಣ್ಣು ಪುಟ ಬಿಟ್ಟು ಎತ್ತಲೋ ಹೋಗಿರುತ್ತಿತ್ತು. ಸಭೆಯಲ್ಲಿ ಈ ವಿಷಯ ಎತ್ತಿದರೆ ಶಾಲೆಯವರು, "ಮಕ್ಕಳಿಗೆ ಅಭ್ಯಾಸವಾಗಿದೆ ಮೇಡಂ" ಎಂದರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಭ್ಯಾಸವಾಗುವುದಿಲ್ಲ. 1992ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ವಿಮಾನ ನಿಲ್ದಾಣ ಸ್ಥಳಾಂತರಗೊಂಡಾಗ ಸಂಶೋಧಕರಾದ ಗ್ಯಾರಿ ಇವಾನ್ಸ್, ಮೋನಿಕಾ ಬುಲಿಂಗರ್ ಮತ್ತು ಸ್ಟಾಫಾನ್ ಹಿಗ್ಗೆ ಅವರು ಹಳೆಯ ಮತ್ತು ಹೊಸ ನಿಲ್ದಾಣಗಳ ಸುತ್ತಲಿನ ಮಕ್ಕಳನ್ನು ಮೊದಲೂ ಅನಂತರವೂ ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯ ಮಕ್ಕಳಲ್ಲಿ ವಿಶ್ರಾಂತಿಯಲ್ಲಿದ್ದಾಗಿನ ರಕ್ತದೊತ್ತಡವೂ ಅಡ್ರಿನಲಿನ್‌ನಂಥ ಒತ್ತಡದ ಹಾರ್ಮೋನುಗಳೂ ಏರಿದವು, ಓದು ಮತ್ತು ನೆನಪು ಕುಗ್ಗಿದವು. ಹಳೆಯ ನಿಲ್ದಾಣದ ಬಳಿ ಹಿಂದುಳಿದಿದ್ದ ಮಕ್ಕಳು ಸದ್ದು ನಿಂತ ಮೇಲೆ ಓದಿನಲ್ಲೂ ನೆನಪಿನಲ್ಲೂ ಚೇತರಿಸಿಕೊಂಡರು. ಮಗು ದೂರು ಹೇಳದೆ ಸುಮ್ಮನೆ ಕುಳಿತಿದೆ ಎಂದ ಮಾತ್ರಕ್ಕೆ ಅದರ ಮೈ ಸುಮ್ಮನಿರುವುದಿಲ್ಲ.

ನಾನೂ ಮಕ್ಕಳಿಗೆ ಓದು ಬರಹ ಕಲಿಸುವವಳು. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳಲು ಕಲಿತ ಮಗು ನಿಧಾನವಾಗಿ ನನ್ನ ಮಾತಿಗೂ ಕಿವಿ ಮುಚ್ಚಿಕೊಳ್ಳುವುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಹಳ್ಳಿಗೂ ಹಲ್ಲಿಗೂ ವ್ಯತ್ಯಾಸ ಕೇಳಿಸದ ಮಗುವಿಗೆ ಅಕ್ಷರ ತಿದ್ದಿಸಿ ಏನು ಪ್ರಯೋಜನ?

"ನಾವೂ ಗಲಾಟೆಯಲ್ಲೇ ಓದಿ ಮುಂದೆ ಬಂದೆವಲ್ಲ" ಎಂದರು ಒಬ್ಬ ಪೋಷಕರು. ಮುಂದೆ ಬಂದವರು ಮಾತ್ರ ಇಂಥ ಸಭೆಗಳಲ್ಲಿ ಮಾತನಾಡುತ್ತಾರೆ. ನಮ್ಮ ಜೊತೆಗಿದ್ದು ಅರ್ಧಕ್ಕೇ ಶಾಲೆ ಬಿಟ್ಟವರನ್ನು ಯಾರು ಕೇಳಿದ್ದಾರೆ?

ಪರಿಹಾರವಿಲ್ಲದ ಸಮಸ್ಯೆಯೂ ಇದಲ್ಲ. ನ್ಯೂಯಾರ್ಕಿನ ಶಾಲೆಯೊಂದರಲ್ಲಿ ರೈಲು ಹಳಿಯ ಬದಿಯ ಕೋಣೆಗಳ ಮಕ್ಕಳು ಆರನೆಯ ತರಗತಿಯ ಹೊತ್ತಿಗೆ ಓದಿನಲ್ಲಿ ಸುಮಾರು ಒಂದು ವರ್ಷ ಹಿಂದಿದ್ದಾರೆ ಎಂದು ಮನೋವಿಜ್ಞಾನಿ ಆರ್ಲೀನ್ ಬ್ರಾನ್ಜಾಫ್ಟ್ 1975ರಲ್ಲಿ ತೋರಿಸಿದರು. ಹಳಿಗೆ ರಬ್ಬರ್ ಪ್ಯಾಡ್, ಕೋಣೆಗಳಿಗೆ ಸದ್ದು ಹೀರುವ ಚಾವಣಿ ಹಾಕಿದ ಮೇಲೆ, 1981ರ ಅಧ್ಯಯನದಲ್ಲಿ ಆ ಅಂತರ ಕಾಣಲಿಲ್ಲ. ನಮ್ಮಲ್ಲೂ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆಯ ಸುತ್ತಲಿನ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬಲ್. ಮಗಳ ಶಾಲೆಯ ಗೇಟಿನ ಪಕ್ಕದಲ್ಲಿ ಫಲಕವೂ ಇದೆ, ಅದರ ಕೆಳಗೇ ಹಾರ್ನ್ ಮೊಳಗುತ್ತದೆ.

ಆ ಶಾಲೆಯ ಆಫೀಸು ಮತ್ತು ಸ್ಟೋರ್ ರೂಮು ಮೈದಾನದ ಕಡೆಗೆ, ನಿಶ್ಶಬ್ದವಾದ ಹಿಂಬದಿಯಲ್ಲಿವೆ. ಅವನ್ನು ರಸ್ತೆಯ ಬದಿಗೆ ತಂದು ಒಂದು, ಎರಡನೆಯ ತರಗತಿಗಳನ್ನು ಅಲ್ಲಿಗೆ ಕಳಿಸಿ ಎಂದು ಸೋಮವಾರ ಲಿಖಿತ ಮನವಿ ಕೊಡುತ್ತಿದ್ದೇನೆ. ಸಹಿ ಹಾಕುವ ಪೋಷಕರು ದಯವಿಟ್ಟು ತಿಳಿಸಿ.