ಎರಡು ಬೆರಳು ಸಾಲದ ಕೃಷ್ಣ

ಕೃಷ್ಣಾಷ್ಟಮಿಗೆ ಇನ್ನೂ ವಾರವಿರುವಾಗಲೇ ಬಟ್ಟೆಯಂಗಡಿಗಳ ಬಾಗಿಲಲ್ಲಿ ಪುಟ್ಟ ಪೀತಾಂಬರಗಳು ನೇತಾಡತೊಡಗುತ್ತವೆ. ಎಲಾಸ್ಟಿಕ್ ಹಾಕಿದ ಹಳದಿ ಪಂಚೆ, ರಟ್ಟಿನ ಕಿರೀಟ, ಪ್ಲಾಸ್ಟಿಕ್ ಕೊಳಲು, ಚರ್ಮಕ್ಕೆ ಚುಚ್ಚುವ ಜರಿಯ ಸೊಂಟಪಟ್ಟಿ ಎಲ್ಲ ಒಂದೇ ಚೀಲದಲ್ಲಿ. ಚೀಲದ ಮೇಲೆ ‘1-2 ವರ್ಷ’ ಅಂತ ಬರೆದಿರುತ್ತದೆ. ಮನೆಗೆ ತಂದು ತೊಡಿಸಿದರೆ ಸೊಂಟಪಟ್ಟಿ ಯಶೋದೆಯ ಹಗ್ಗದಂತೆ ಸರಿಯಾಗಿ ಎರಡು ಬೆರಳು ಸಾಲದು. ಪಿನ್ನು ಹಾಕಲು ಹೋಗಬೇಡಿ, ಹಿಂದಿನಿಂದ ರಿಬ್ಬನ್ ಕಟ್ಟಿ. ಫೋಟೊದಲ್ಲಿ ಕೃಷ್ಣನ ಬೆನ್ನನ್ನು ಯಾರೂ ನೋಡುವುದಿಲ್ಲ. ಒಳಗೊಂದು ಹಳೆಯ ಹತ್ತಿಯ ಬನಿಯನ್ನು ತೊಡಿಸಿದರೆ ಜರಿಯ ತುರಿಕೆಯೂ ತಪ್ಪುತ್ತದೆ, ಅಳುವೂ ಒಂದಷ್ಟು ನಿಮಿಷ ಮುಂದಕ್ಕೆ ಹೋಗುತ್ತದೆ.

ನಿಜವಾದ ಕೊರತೆ ಬೆಳಕಿನದು. ಅಷ್ಟಮಿ ಬರುವುದೇ ಮೋಡದ ಕಾಲಕ್ಕೆ. ಬೆಳಿಗ್ಗೆ ಹನ್ನೊಂದಕ್ಕೂ ಹಜಾರದಲ್ಲಿ ಮುಸ್ಸಂಜೆ. ಆಗ ಯಾರಾದರೊಬ್ಬರು ಎದ್ದು ಮನೆಯಲ್ಲಿರುವ ಸ್ವಿಚ್ಚುಗಳನ್ನೆಲ್ಲ ಒತ್ತಿಯೇ ಒತ್ತುತ್ತಾರೆ. ಕೆಡುವುದು ಇಲ್ಲಿಂದಲೇ. ಬೆಳಕಿನ ಬಣ್ಣ ಅಳೆಯುವುದು ಕೆಲ್ವಿನ್‌ನಲ್ಲಿ. ಮೋಡದ ದಿನ ಕಿಟಕಿಯಿಂದ ಬರುವ ಬೆಳಕು ಸುಮಾರು 6500 ಕೆಲ್ವಿನ್, ನೀಲಿ ಕಡೆಗೆ ವಾಲಿದ್ದು. ಹಳದಿ ಬಲ್ಬಿನದು 2700. ಇವೆರಡರಲ್ಲಿ ಯಾವುದನ್ನು ಬಿಳಿ ಅಂತ ನಂಬಬೇಕೋ ತಿಳಿಯದೆ ಕ್ಯಾಮೆರಾ ಪಂಚಾಯ್ತಿ ಮಾಡಿ ಮುಗಿಸುವಷ್ಟರಲ್ಲಿ ಮಗುವಿನ ಒಂದು ಕೆನ್ನೆಗೆ ಅರಿಶಿನ ಬಳಿದಂತಾಗಿ ಇನ್ನೊಂದು ನೀಲಿಯಾಗಿರುತ್ತದೆ. ಕೃಷ್ಣ ನೀಲಿ ಇರಬೇಕಾದವನೇ ಅನ್ನಬಹುದು. ಅರ್ಧ ಮುಖ ಮಾತ್ರ ನೀಲಿಯಾದರೆ ಅವನು ಅರ್ಧನಾರೀಶ್ವರ.

ಬಲ್ಬಿಗೆ ಇನ್ನೊಂದು ರೋಗವೂ ಇದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸುತ್ತು; ಸುತ್ತಿಗೆ ಎರಡು ಸಲದಂತೆ ಅಗ್ಗದ ಎಲ್‌ಇಡಿ ಮತ್ತು ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗದು, 1/250 ಸೆಕೆಂಡಿನ ಶಟರ್‌ಗೆ ಗೊತ್ತಾಗುತ್ತದೆ: ಫೋಟೊದ ತುಂಬ ಅಡ್ಡಪಟ್ಟೆ. ಶಟರ್ 1/100ಕ್ಕೆ ಇಳಿಸಿದರೆ ಪಟ್ಟೆ ಮಾಯವಾಗುತ್ತದೆ, ಅದರ ಜೊತೆ ಅಲ್ಲಾಡುವ ಮಗುವಿನ ಮುಖವೂ ಮಾಯವಾಗುತ್ತದೆ. ದೀಪ ಆರಿಸಿಬಿಡಿ, ಒಳ್ಳೆಯದು.

ಮನೆಯ ಅತಿ ದೊಡ್ಡ ಕಿಟಕಿಯಿಂದ ಮೂರು ಅಡಿ ದೂರದಲ್ಲಿ, ಕಿಟಕಿ ಮಗುವಿನ ಪಕ್ಕಕ್ಕೆ ತುಸು ಮುಂದಾಗಿ ಬರುವಂತೆ ಜಾಗ ಮಾಡಿ. ಕಿಟಕಿಗೆ ಬೆನ್ನು ಹಾಕಿ ಕೂರಿಸಿದರೆ ಸಿಗುವುದು ಕಿರೀಟ ಇಟ್ಟ ಒಂದು ಕರಿ ಆಕೃತಿ. ಮೋಡ ಸರಿದು ಬಿಸಿಲು ನೇರವಾಗಿ ಬಿತ್ತೋ, ಅಪ್ಪನ ತೆಳ್ಳನೆಯ ಬಿಳಿ ಪಂಚೆಯನ್ನು ಕಿಟಕಿಗೆ ಇಳಿಬಿಡಿ. ಕತ್ತಲಾದ ಇನ್ನೊಂದು ಕೆನ್ನೆಗೆ ಎರಡಡಿ ಆಚೆ ಬಿಳಿ ಬೆಡ್‌ಶೀಟು ಅಥವಾ ಥರ್ಮಾಕೋಲ್ ಹಲಗೆ ನಿಲ್ಲಿಸಿದರೆ ಬೆಳಕು ವಾಪಸು ಬರುತ್ತದೆ. ಗಿಣಿಹಸಿರು ಬೆಡ್‌ಶೀಟಾದರೆ ಗಿಣಿಹಸಿರೂ ವಾಪಸು ಬರುತ್ತದೆ. ಪಿಸ್ತಾ ಬಣ್ಣ ಬಳಿದ ಗೋಡೆಗೆ ಒತ್ತಿ ಕೂರಿಸಿದ ಮಗು ಕಾಮಾಲೆ ಬಂದಂತೆ ಕಾಣುವುದು ಇದಕ್ಕೇ. ಮಗುವನ್ನು ಗೋಡೆಯಿಂದ ನಾಲ್ಕಡಿ ಮುಂದೆ ತನ್ನಿ. ಹಿಂದಿರುವ ಕ್ಯಾಲೆಂಡರೂ ಸ್ವಿಚ್‌ಬೋರ್ಡೂ ಮಸುಕಾಗುತ್ತವೆ.

ಇಷ್ಟೆಲ್ಲ ಮಗುವಿನ ಜಾಗದಲ್ಲಿ ಒಂದು ಬೊಂಬೆಯನ್ನು ಕೂರಿಸಿಯೇ ಮುಗಿಸಬೇಕು. ಅನೇಕರು ಮಗುವನ್ನು ಸಿಂಗರಿಸಿ ಕೂರಿಸಿದ ಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಸೆಟ್ಟಿಂಗ್) ಹುಡುಕಲು ಹೊರಡುತ್ತಾರೆ. ಒಂದೂವರೆ ವರ್ಷದ ಕೂಸು ಕಿರೀಟವನ್ನು ಸಹಿಸುವುದು ಹೆಚ್ಚೆಂದರೆ ಐದು ನಿಮಿಷ, ಅದೂ ನಿದ್ದೆ ಮುಗಿದು ಹೊಟ್ಟೆ ತುಂಬಿದ್ದರೆ.

ಸೆಟ್ಟಿಂಗ್ ದೊಡ್ಡ ವಿದ್ಯೆಯೇನಲ್ಲ. ಶಟರ್ 1/250ಕ್ಕಿಂತ ಕೆಳಗೆ ಇಳಿಸಬೇಡಿ. ಐಎಸ್‌ಒ 1600 ಆಗಲಿ, 3200 ಆಗಲಿ, ಹೆದರಬೇಡಿ. ಫೋಟೊದ ಮೇಲಿನ ಕಾಳುಕಾಳನ್ನು ಆಮೇಲೆ ತೆಗೆಯಬಹುದು, ಅಲ್ಲಾಡಿದ್ದನ್ನು ಯಾವ ದೇವರೂ ನಿಲ್ಲಿಸಲಾರ. ತೊಂದರೆ ಬರುವುದು ಅಪರ್ಚರ್‌ನಲ್ಲಿ, ಅಂದರೆ ಲೆನ್ಸಿನ ಕಂಡಿಯ ಅಗಲದಲ್ಲಿ; f ಪಕ್ಕದ ಅಂಕಿ ಚಿಕ್ಕದಾದಷ್ಟೂ ಕಂಡಿ ಅಗಲ. 50 ಎಂಎಂ ಲೆನ್ಸ್ ಕೊಂಡವರು f/1.8 ಬಿಟ್ಟು ಕದಲುವುದಿಲ್ಲ, ಹಿನ್ನೆಲೆ ಬೆಣ್ಣೆಯಂತೆ ಕರಗಬೇಕಲ್ಲ. ಎಪಿಎಸ್-ಸಿ ಅನ್ನುವ ಮಧ್ಯಮ ಗಾತ್ರದ ಸೆನ್ಸರಿನ ಕ್ಯಾಮೆರಾದಲ್ಲಿ ಒಂದು ಮೀಟರ್ ದೂರದಿಂದ ಹಾಗೆ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 3 ಸೆಂಟಿಮೀಟರ್. ಅಂದರೆ ಮತ್ತೆ ಎರಡು ಬೆರಳು! ಮುಂದೆ ಚಾಚಿದ ಕೊಳಲಿನ ಆರು ತೂತೂ ಎಣಿಸುವಷ್ಟು ಸ್ಪಷ್ಟ, ಹಿಂದಿರುವ ಕಣ್ಣು ಮಂಜುಮಂಜು. f/2.8 ಇಟ್ಟು ಒಂದೂವರೆ ಮೀಟರ್ ದೂರಕ್ಕೆ ಸರಿಯಿರಿ, ಆಳ 10 ಸೆಂಟಿಮೀಟರಿಗೆ ಏರುತ್ತದೆ. ಫೋಕಸ್ ಬಿಂದುವನ್ನು ನಿಮಗೆ ಹತ್ತಿರವಿರುವ ಕಣ್ಣಿನ ಮೇಲೇ ಇಡಿ. ಕ್ಯಾಮೆರಾಕ್ಕೆ ಬಿಟ್ಟರೆ ಅದು ಕಿರೀಟದ ಮಿಂಚನ್ನೇ ಮೆಚ್ಚುತ್ತದೆ.

ಕ್ಯಾಮೆರಾದ ತಲೆಯ ಮೇಲೆ ಏಳುವ ಪುಟ್ಟ ಫ್ಲಾಶ್ ಬಗ್ಗೆ ಒಂದೇ ಮಾತು: ಮುಂದೆ ಕೆಂಪು ಕಣ್ಣಿನ ಕೃಷ್ಣ, ಹಿಂದೆ ಗೋಡೆಯ ಮೇಲೆ ಕಂಸನ ನೆರಳು. ಬೇರೆ ಫ್ಲಾಶ್ ಇದ್ದರೆ ಬಿಳಿ ತಾರಸಿಗೆ ತಿರುಗಿಸಿ ಹೊಡೆಯಿರಿ. ಹಲಗೆಯ ಮಾಳಿಗೆಯಾದರೆ ಬೇಡ, ಮಗು ಕಾಫಿ ಬಣ್ಣಕ್ಕೆ ತಿರುಗುತ್ತದೆ.

ಫೋನಿನವರು ಮೊದಲು ಲೆನ್ಸ್ ಒರೆಸಬೇಕು. ಮಗುವಿನ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿದ ಕೈಯೇ ಫೋನು ಎತ್ತಿರುತ್ತದೆ, ಆಮೇಲೆ ‘ಎಷ್ಟು ಸಾಫ್ಟಾಗಿ ಬಂದಿದೆ’ ಅಂತ ಸಮಾಧಾನ ಬೇರೆ. ಹತ್ತಿರ ಹೋಗಿ ತೆಗೆದರೆ ಮೂಗು ಮುಂದೆ ಬಂದು ಕಿವಿ ಹಿಂದೆ ಹೋಗುತ್ತದೆ; ದೂರ ನಿಂತು 2x ಒತ್ತಿ. ನೈಟ್ ಮೋಡ್ ಆಫ್ ಮಾಡಿ, ಅದು ಕೇಳುವ ಒಂದೆರಡು ಸೆಕೆಂಡಿನಲ್ಲಿ ಮಗು ಅಡುಗೆಮನೆ ತಲುಪಿರುತ್ತದೆ. ಪೋರ್ಟ್ರೇಟ್ ಮೋಡಿಗಂತೂ ನವಿಲುಗರಿ ಕಂಡರೆ ಆಗದು. ಅದು ಹಿನ್ನೆಲೆಯನ್ನು ಮಸುಕು ಮಾಡುವುದು ಅಂಚನ್ನು ಊಹಿಸಿ. ಗರಿಯ ಎಳೆಗಳನ್ನು ಹಿನ್ನೆಲೆ ಅಂತ ಊಹಿಸಿ ಅರ್ಧ ಬೋಳಿಸುತ್ತದೆ, ಕೊಳಲು ಹಿಡಿದ ಕೈಯ ಸಂದಿಯಲ್ಲಿ ಕಾಣುವ ಗ್ಯಾಸ್ ಸಿಲಿಂಡರನ್ನು ಮಾತ್ರ ಸ್ಪಷ್ಟವಾಗಿ ಉಳಿಸುತ್ತದೆ. ಕೃಷ್ಣನ ಮಟ್ಟಿಗೆ ಸಾದಾ ಮೋಡೇ ಗಟ್ಟಿ.

ಇನ್ನು ನೆಂಟರು. ಎಡಗಡೆಯಿಂದ ಅಜ್ಜಿ ಚಪ್ಪಾಳೆ ತಟ್ಟುತ್ತಾರೆ, “ಏ ಬಂಗಾರಿ, ಇಲ್ನೋಡು!” ಬಲಗಡೆಯಿಂದ ಚಿಕ್ಕಪ್ಪ ಬೀಗದ ಕೈ ಗೊಂಚಲು ಕುಲುಕುತ್ತಾನೆ, “ಪುಟ್ಟಾ, ನಗೋ!” ಎತ್ತು ಏರಿಗೆ, ಕೋಣ ನೀರಿಗೆ. ಎರಡು ಡಜನ್ ಫೋಟೊದಲ್ಲಿ ಮಗು ಎಡಕ್ಕೆ, ಎರಡು ಡಜನ್‌ನಲ್ಲಿ ಬಲಕ್ಕೆ, ಒಂದರಲ್ಲಿ ಫ್ಯಾನಿನ ಕಡೆಗೆ. ಒಬ್ಬರೇ ಒಬ್ಬರು, ಅದೂ ಕ್ಯಾಮೆರಾ ಹಿಡಿದವರ ಹೆಗಲ ಹಿಂದೆಯೇ ನಿಲ್ಲಬೇಕು. ಕ್ಯಾಮೆರಾ ಹಿಡಿದವರು ನೆಲದ ಮೇಲೆ ಬೋರಲು ಮಲಗಬೇಕು, ಲೆನ್ಸು ಮಗುವಿನ ಕಣ್ಣಿನ ಎತ್ತರಕ್ಕೆ ಬರಬೇಕು. ನಿಂತು ತೆಗೆದರೆ ಬರುವುದು ದೊಡ್ಡ ಕಿರೀಟ, ಪುಟ್ಟ ಪಾದ. ಮಲಗಿದ ಕೂಡಲೇ ಮಗು ಆನೆ ಸವಾರಿಗೆ ಬರುತ್ತದೆ ಅನ್ನುವುದೂ ಲೆಕ್ಕದಲ್ಲಿರಲಿ.

ತೊಡಿಸುವ ಕ್ರಮವೂ ಮುಖ್ಯ: ಪಂಚೆ, ಸರ, ಸೊಂಟಪಟ್ಟಿ, ಕಟ್ಟಕಡೆಗೆ ಕಿರೀಟ. ಕೊಳಲನ್ನು ಮೊದಲೇ ತೊಳೆದಿಡಿ, ಅದನ್ನು ಯಾರೂ ಊದುವುದಿಲ್ಲ, ಅಗಿಯುತ್ತಾರೆ. ಬೆಣ್ಣೆ ಕೊಡುವುದು ಎಲ್ಲ ಮುಗಿದ ಮೇಲೆ. ಬೆಣ್ಣೆ ಕೆನ್ನೆಗೆ ಹತ್ತಿತೆಂದರೆ ಅಲ್ಲಿ ಬಿಳಿ ಹೊಳಪಿನ ತೇಪೆ ಏಳುತ್ತದೆ, ಅದನ್ನು ಯಾವ ಸ್ಲೈಡರೂ ಇಳಿಸದು. ಮುಂದಿನ ಹೆಜ್ಜೆಯಲ್ಲಿ ಮಗುವಿನ ಬೆಣ್ಣೆಗೈ ಲೆನ್ಸಿನ ಮೇಲಿರುತ್ತದೆ.

ರಾತ್ರಿ ಮಗು ಮಲಗಿದ ಮೇಲೆ ಎಡಿಟಿಂಗ್. ಇನ್ನೂರರಲ್ಲಿ ಐದನ್ನು ಉಳಿಸಿಕೊಂಡು ಮಿಕ್ಕವನ್ನು ಬದಿಗೆ ಸರಿಸಿ. ಅಳಿಸಲು ಕೈ ಬಾರದಿದ್ದರೆ ಅಳಿಸಬೇಡಿ, ಕಣ್ಣಿಗೆ ಬೀಳದಿದ್ದರೆ ಸಾಕು. ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಅಂತ ಸಾಫ್ಟ್‌ವೇರಿಗೆ ತೋರಿಸುವುದು. ಡ್ರಾಪರನ್ನು ಬಿಳಿ ಬೆಡ್‌ಶೀಟಿನ ಮೇಲೆ ಒತ್ತಿ, ಕಣ್ಣಿನ ಬಿಳಿಯ ಮೇಲಲ್ಲ. ಎಳೆಮಕ್ಕಳ ಕಣ್ಣಿನ ಬಿಳಿಗೆ ನಸುನೀಲಿ ಛಾಯೆ ಇರುತ್ತದೆ, ಅದನ್ನೇ ಬಿಳಿ ಅಂದುಕೊಂಡ ಸಾಫ್ಟ್‌ವೇರ್ ಮೈಯೆಲ್ಲ ಹಳದಿ ಮಾಡುತ್ತದೆ. ಹಳದಿ ಈಗಾಗಲೇ ಸಾಕಷ್ಟಿದೆ. ಪೀತಾಂಬರದ ಬಣ್ಣ ಗಲ್ಲದ ಕೆಳಗೆಲ್ಲ ಪ್ರತಿಫಲಿಸಿರುತ್ತದೆ. ಬ್ರಷ್ಷಿನಿಂದ ಅಷ್ಟು ಜಾಗದಲ್ಲಿ ಮಾತ್ರ ಸ್ಯಾಚುರೇಶನ್ (ಬಣ್ಣದ ಗಾಢತೆ) 15-20 ಇಳಿಸಿ. ಇಡೀ ಫೋಟೊದಲ್ಲಿ ಇಳಿಸಿದರೆ ಪೀತಾಂಬರ ಹೋಗಿ ಶ್ವೇತಾಂಬರ.

ನಾಯ್ಸ್ ರಿಡಕ್ಷನ್ 20ರಿಂದ 30 ಸಾಕು, 80ಕ್ಕೆ ಎಳೆದರೆ ಮಗು ಮೇಣದ ಗೊಂಬೆ. ಕಣ್ಣಿಗೆ ತುಸುವೇ ಬೆಳಕು ಕೊಡಿ, ಕಾಲು ಸ್ಟಾಪಿಗೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು) ಮೀರಿದರೆ ಟಾರ್ಚ್ ಹಾಕಿದಂತೆ. ಚರ್ಮದ ಕಲೆಗಳಿಗೆ ಒಂದು ಸರಳ ನಿಯಮವಿದೆ: ವಾರದಲ್ಲಿ ತಾನೇ ಹೋಗುವಂಥದ್ದನ್ನು ತೆಗೆಯಿರಿ, ಉಳಿಯುವಂಥದ್ದನ್ನು ಬಿಡಿ. ಸೊಳ್ಳೆ ಕಚ್ಚಿದ ಗುರುತು, ಸಿಂಬಳ, ಜೊಲ್ಲು ಹೋಗಲಿ, ಮಚ್ಚೆ ಇರಲಿ. ಈ ನಿಯಮಕ್ಕೆ ದೊಡ್ಡ ಅಪವಾದ ಎಡಗೆನ್ನೆಯ ದೃಷ್ಟಿಬೊಟ್ಟು. ಅದು ಸಂಜೆಯ ಸ್ನಾನಕ್ಕೇ ಹೋಗುವಂಥದ್ದು, ಬ್ಯೂಟಿ ಫಿಲ್ಟರಂತೂ ಕೇಳದೆಯೇ ಒರೆಸಿಬಿಡುತ್ತದೆ. ಅಜ್ಜಿ ಫೋಟೊದಲ್ಲಿ ಮೊದಲು ಹುಡುಕುವುದು ಅದನ್ನೇ. ಅದಿಲ್ಲದ ಫೋಟೊ ಊರಿಗೆಲ್ಲ ಹೋದ ದಿನವೇ ಮಗುವಿಗೆ ನೆಗಡಿಯಾಯಿತೋ, ಮುಗಿಯಿತು, ತಪ್ಪು ನಿಮ್ಮ ಫಿಲ್ಟರಿನದು. ಫಿಲ್ಟರ್ ಆಫ್ ಇರಲಿ.

ಮುದ್ದುಕೃಷ್ಣ ಸ್ಪರ್ಧೆಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಕುಗ್ಗಿಸುತ್ತದೆ, ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗರಿಯ ಎಳೆಗಳು ಕಲಸಿಹೋಗುತ್ತವೆ. ಪ್ರಿಂಟ್ ಹಾಕಿಸುವಾಗ ಅಳತೆ ನೋಡಿಕೊಳ್ಳಿ. ಫೋನಿನ ಫೋಟೊ 3:4, ಅದನ್ನು 4x6 ಇಂಚಿಗೆ ಕೊಟ್ಟರೆ ಅಗಲದಲ್ಲಿ ಒಂಬತ್ತನೇ ಒಂದು ಭಾಗ ಕತ್ತರಿಗೆ ಹೋಗುತ್ತದೆ, ಅಂದರೆ ಕೊಳಲಿನ ತುದಿ. ಕ್ಯಾಮೆರಾದ 2:3 ಫೋಟೊವನ್ನು 8x10ರ ಫ್ರೇಮಿಗೆ ಕೂರಿಸಿದರೆ ಎತ್ತರದಲ್ಲಿ ಆರನೇ ಒಂದು ಭಾಗ ಹೋಗುತ್ತದೆ, ಅಂದರೆ ನವಿಲುಗರಿ. ತೆಗೆಯುವಾಗಲೇ ಸುತ್ತ ಖಾಲಿ ಜಾಗ ಬಿಟ್ಟಿರಬೇಕು, ಇಲ್ಲವೇ ಸ್ಟುಡಿಯೊದವರು “ಬಿಳಿ ಬಾರ್ಡರ್ ಬಿಡ್ಲಾ ಸಾರ್?” ಅಂದಾಗ ಹೂಂ ಅನ್ನಬೇಕು. “ಬೇಡ, ಫುಲ್ ಬರ್ಲಿ” ಅಂದವರ ಗೋಡೆಯ ಮೇಲೆ ಹಳದಿ ಲಂಗೋಟಿ ತೊಟ್ಟ ಯಾರದೋ ಮಗುವೊಂದು ಮುರಿದ ಕೋಲು ಹಿಡಿದು ಫ್ಯಾನು ನೋಡುತ್ತ ಕುಳಿತಿರುತ್ತದೆ.